ಶನಿವಾರದ ದೊಡ್ಡಮ್ಮ

ಇಸ್ತ್ರಿಪೆಟ್ಟಿಗೆಯನ್ನು ಇನ್ನೊಂದು ಗಳಿಗೆ ಹಾಗೆಯೇ ಬಿಟ್ಟರೆ ಸಾಕು, ಎಲ್ಲ ಮುಗಿದುಹೋಗುತ್ತದೆ ಎಂದು ಆಚಿಯಾಗೆ ಅನ್ನಿಸಿತು. ಕಪ್ಪು ಬಟ್ಟೆ. ಸುಟ್ಟರೆ ಮೊದಲು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುತ್ತದೆ; ಆಮೇಲೆ ನಟ್ಟನಡುವೆ ಒಂದು ತೂತು. ಸಾವಿನ ಮನೆಗೆ ಉಡಲು ಪೋಮಾ ದೊಡ್ಡಮ್ಮನ ಹತ್ತಿರ ಇದ್ದ ಇನ್ನೊಂದು ಬಟ್ಟೆ, ಕಡುಗೆಂಪಿನದು, ಬಣ್ಣ ಹಾಕಿಸಲು ಕೊಟ್ಟದ್ದು ಇನ್ನೂ ಬಂದಿರಲಿಲ್ಲ. ಬಟ್ಟೆಯಿಲ್ಲದಿದ್ದರೆ ದೊಡ್ಡಮ್ಮ ಹೋಗುವುದಿಲ್ಲ, ಹೋಗದಿದ್ದರೆ ಅಳುವುದಿಲ್ಲ, ಅಳದಿದ್ದರೆ ಆ ಮಾತು ಅವಳ ಬಾಯಿಂದ ಹೊರಗೆ ಬೀಳುವುದಿಲ್ಲ. ಇಷ್ಟು ಸರಳವಾಗಿತ್ತು. ಆಚಿಯಾ ಕೈಯನ್ನು ಒತ್ತಿ ಹಿಡಿದಳು. ಬಟ್ಟೆಯಿಂದ ಬೆಚ್ಚನೆಯ ಗಂಜಿಯ ವಾಸನೆ ಎದ್ದಿತು, ಅದರ ಹಿಂದೆಯೇ ಹೋದ ಶನಿವಾರದ ಬೆವರು, ಪೌಡರು, ಬಾಡಿಗೆ ಕುರ್ಚಿಗಳ ಪ್ಲಾಸ್ಟಿಕ್ಕು, ಯಾರದೋ ಮನೆಯ ಅಂಗಳದ ಧೂಳು. ಅವಳ ಕೈ ತಾನಾಗಿ ಮೇಲೆದ್ದುಬಿಟ್ಟಿತು. ಧೈರ್ಯವಿಲ್ಲದ್ದಕ್ಕೋ, ದೊಡ್ಡಮ್ಮನ ಬಟ್ಟೆ ಅನ್ನುವ ಭಯಕ್ಕೋ ತಿಳಿಯಲಿಲ್ಲ. ಎರಡೂ ತನ್ನಲ್ಲಿ ಒಂದೇ ಜಾಗದಿಂದ ಹುಟ್ಟುತ್ತವೆ ಎಂಬುದು ಮಾತ್ರ ತಿಳಿಯಿತು.

"ಸುಟ್ಟೆಯೇನೇ?" ಅಂಗಳದಾಚೆಯ ಬಚ್ಚಲಿಂದ ಬಂದ ದೊಡ್ಡಮ್ಮ ಬಾಗಿಲಲ್ಲಿ ನಿಂತು ಮೂಗರಳಿಸಿದಳು.

"ಇಲ್ಲ ದೊಡ್ಡಮ್ಮ."

"ವಾಸನೆ ಬಂತು."

"ಗಂಜಿದು."

"ಗಂಜಿ ಹಾಗೆ ನಾರಲ್ಲ." ದೊಡ್ಡಮ್ಮ ಬಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ನೋಡಿದಳು. ಏನೂ ಸಿಗದಿದ್ದಾಗ ಅವಳ ಮುಖದಲ್ಲಿ ಸಮಾಧಾನವೂ ಕಾಣಲಿಲ್ಲ.

ಆ ಮಾತು ಇಷ್ಟೇ: ಅಪ್ಪಾ, ನೀನು ಹೋದ ಊರಲ್ಲಿ ಉಪ್ಪು ಸಿಗುತ್ತೋ? ಸತ್ತವರು ಹೆಂಗಸಾದರೆ ಅಪ್ಪಾ ಎಂಬುದು ಅಮ್ಮಾ ಎಂದಾಗುತ್ತಿತ್ತು. ದೊಡ್ಡಮ್ಮ ಇದನ್ನು ಕೂಗುತ್ತಿದ್ದುದು ಹೆಣದ ಮುಂದೆ, ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡು, ಸಾವಿನ ಮನೆಯವರೇ ಅಳುವುದನ್ನು ಬಿಟ್ಟು ಒಂದು ಕ್ಷಣ ತಿರುಗಿ ನೋಡುವಂಥ ದನಿಯಲ್ಲಿ. ಕುಮಾಸಿಯಲ್ಲಿ ಸಾವಿನ ಕಾರ್ಯಗಳೆಲ್ಲ ನಡೆಯುವುದು ಶನಿವಾರ; ಆ ಶನಿವಾರಗಳಲ್ಲಿ ಅವಳು ಹಾಗೆ ಅತ್ತ ಮನೆಗಳಲ್ಲಿ ಅರ್ಧಕ್ಕರ್ಧ ಅವಳಿಗೆ ಗುರುತೇ ಇಲ್ಲದವು. ಆ ಮನೆಯವರು ಇವಳು ದೂರದ ನೆಂಟಳಿರಬೇಕು ಎಂದುಕೊಳ್ಳುತ್ತಿದ್ದರು. ಸತ್ತವನ ಕಡೆಯವರು ಹೆಂಡತಿಯ ಕಡೆಯವಳು ಎಂದುಕೊಂಡರೆ, ಹೆಂಡತಿಯ ಕಡೆಯವರು ಸತ್ತವನ ಕಡೆಯವಳು ಎಂದುಕೊಳ್ಳುತ್ತಿದ್ದರು. ಇದನ್ನು ಆಚಿಯಾ ತನ್ನ ಬ್ಲಾಗಿನಲ್ಲಿ ಬರೆದಿದ್ದಳು. ಅವಳು ಬರೆಯುವುದನ್ನು ಓದುತ್ತಿದ್ದವರು ಬೆರಳೆಣಿಕೆಯ ಜನ: ಕಾಲೇಜಿನ ಗೆಳತಿಯರಿಬ್ಬರು, ಮುಖ ಕಂಡಿರದ ಕೆಲವರು, ಪ್ರತಿಯೊಂದಕ್ಕೂ 'ದೇವರು ಒಳ್ಳೆಯದು ಮಾಡಲಿ' ಎಂದು ಬರೆಯುವ ಒಬ್ಬ. ತಾನು ಕೆಲಸ ಮಾಡುವ ಅಚ್ಚುಮನೆಯಲ್ಲಿ ಮಾಲೀಕ ಊಟಕ್ಕೆ ಹೋದಾಗ, ಕಂಪ್ಯೂಟರಿನ ಮುಂದೆ ಕುಳಿತು, ಮಳೆಯ ಬಗ್ಗೆ, ಬಾಡಿಗೆ ಕೋಣೆಯ ಗೋಡೆಯಾಚೆಗಿನ ಜಗಳದ ಬಗ್ಗೆ, ತಾನು ಮಾತಾಡಬೇಕಾದಾಗ ಮಾತಾಡದೇ ಹೋದದ್ದರ ಬಗ್ಗೆ ಅವಳು ಬರೆಯುತ್ತಿದ್ದಳು. ದೊಡ್ಡಮ್ಮನ ಬಗ್ಗೆ ಬರೆದಾಗ ಊರು ಬದಲಿಸಿದ್ದಳು, ಹೆಸರು ಬದಲಿಸಿದ್ದಳು, ಮೂಗಿನ ಪಕ್ಕದ ಮಚ್ಚೆಯನ್ನು ಅಳಿಸಿಹಾಕಿದ್ದಳು. ಉಪ್ಪಿನ ಮಾತನ್ನು ಮಾತ್ರ ಮುಟ್ಟಿರಲಿಲ್ಲ. ಆ ಇಡೀ ಬರಹದಲ್ಲಿ ನಿಜವಾಗಿ ಚೆನ್ನಾಗಿದ್ದ ವಾಕ್ಯ ಅದೊಂದೇ. ಅದು ತನ್ನದಲ್ಲವೆಂಬುದೂ ಅವಳಿಗೆ ಗೊತ್ತಿತ್ತು.

ಬೆಳಗಿನ ರೇಡಿಯೊದವನೊಬ್ಬ ಆ ಬರಹವನ್ನು ಗಂಟಲು ಹೆಣ್ಣಾಗಿಸಿಕೊಂಡು ಓದಿದ. 'ಶನಿವಾರದ ದೊಡ್ಡಮ್ಮ' ಎಂದು ಅವನೇ ಹೆಸರಿಟ್ಟ. ಆಮೇಲೆ ಯಾರೋ ಅದಕ್ಕೆ ತಾಳ ಸೇರಿಸಿ ಫೋನಿನಿಂದ ಫೋನಿಗೆ ಹರಿಬಿಟ್ಟರು. ಈಗ ಲಾರಿ ನಿಲ್ದಾಣದ ಹುಡುಗರು ಊರಿಗೆ ಹೊರಟವರನ್ನು 'ಹೋದ ಊರಲ್ಲಿ ಉಪ್ಪು ಸಿಗುತ್ತೋ' ಎಂದು ರೇಗಿಸುತ್ತಿದ್ದರು. ದೊಡ್ಡಮ್ಮ ಇಂದು ಯಾರದೋ ಅಂಗಳದಲ್ಲಿ ತಲೆಯ ಮೇಲೆ ಕೈ ಹೊತ್ತು ಆ ಮಾತು ಕೂಗಿದರೆ ಮೊದಲು ಒಬ್ಬರು ನಗುತ್ತಾರೆ, ಆಮೇಲೆ ಫೋನುಗಳು ಮೇಲೇಳುತ್ತವೆ. ಆಮೇಲೆ ಈ ಊರಿನ ಯಾವ ಸಾವಿನ ಮನೆಯಲ್ಲೂ ಅವಳು ಮುಖ ತೋರಿಸುವ ಹಾಗಿಲ್ಲ. ಮಕ್ಕಳಿಲ್ಲದ, ಗಂಡ ಬಿಟ್ಟುಹೋದ, ವಾರವಿಡೀ ಮಾರುಕಟ್ಟೆಯಲ್ಲಿ ಟೊಮೇಟೊ ಗುಡ್ಡೆಗಳ ಹಿಂದೆ ಕೂರುವ ಅವಳಿಗೆ ಶನಿವಾರ ಬಿಟ್ಟರೆ ಬೇರೇನಿದೆ? ಹೀಗೆ ಯೋಚಿಸುವಾಗಲೂ, ಈ ಪ್ರಶ್ನೆ ಒಂದು ಬರಹದ ಕೊನೆಯ ಸಾಲಿನ ಹಾಗೆ ತನ್ನೊಳಗೆ ಸಜ್ಜಾಗಿ ನಿಂತದ್ದನ್ನು ಕಂಡು ಆಚಿಯಾಗೆ ಅಸಹ್ಯವಾಯಿತು.

"ಇಲ್ಲಿ ಹಿಡಿ. ಬಿಗಿಯಾಗಿ ಸಿಗಿಸು," ಎಂದು ದೊಡ್ಡಮ್ಮ ಬೆನ್ನು ತಿರುಗಿಸಿದಳು. ಅವಳ ಬೆನ್ನು ಅಗಲ, ಇನ್ನೂ ತೇವ. ಆಚಿಯಾ ಬಟ್ಟೆಯನ್ನು ಎಳೆದು ಹಿಡಿದು ಪಿನ್ನು ಚುಚ್ಚತೊಡಗಿದಳು.

"ದೊಡ್ಡಮ್ಮ, ಇವತ್ತು ಬೇಡ. ನಂಗೆ ತಲೆನೋವು."

"ತಲೆನೋವಿದ್ರೆ ಬಿದ್ಕೊ. ನಾನೊಬ್ಬಳೇ ಹೋಗ್ತೀನಿ."

"ಮಳೆ ಬರೋ ಹಾಗಿದೆ."

"ಸತ್ತೋನಿಗೆ ನೆನೆಯೋ ಭಯ ಇಲ್ಲ, ನಂಗ್ಯಾಕೆ?"

"ಆ ಮನೆಯೋರು ಒರಟರು ದೊಡ್ಡಮ್ಮ. ಸಾವಿನ ಪೋಸ್ಟರು ಮಾಡ್ಸೋಕೆ ಪ್ರೆಸ್ಸಿಗೆ ಬಂದಿದ್ರಲ್ಲ, ನೋಡಿದೆ."

"ದುಡ್ಡು ಕೊಡೋಕೆ ಬಂದೋರೆಲ್ಲ ಒರಟರೇ. ನನ್ನ ಟೊಮೇಟೊ ಹಿಚುಕಿ ನೋಡೋರನ್ನ ನೀನು ನೋಡ್ಬೇಕು." ದೊಡ್ಡಮ್ಮ ತಲೆಗೆ ಕಪ್ಪು ವಸ್ತ್ರ ಸುತ್ತಿಕೊಳ್ಳುತ್ತ, ಕನ್ನಡಿಯೊಳಗಿಂದ ಆಚಿಯಾಳ ಮುಖ ನೋಡಿದಳು. "ಇನ್ನೇನಾದ್ರೂ ಹೇಳೋದಿದೆಯಾ?"

"ಇಲ್ಲ."

"ಇದ್ರೆ ಹೇಳು. ಪಿನ್ನು ಚುಚ್ಚಿ ಆದ್ಮೇಲೆ ಉಸಿರಾಡೋದೇ ಕಷ್ಟ, ಕೇಳಿಸ್ಕೊಳ್ಳೋದು ಹೇಗೆ?"

"ಏನಿಲ್ಲ ದೊಡ್ಡಮ್ಮ."

ಒರಟರು ಎಂದದ್ದು ಸುಳ್ಳು. ಅಚ್ಚುಮನೆಗೆ ಬಂದಿದ್ದವನು ಸತ್ತವನ ತಂಗಿಯ ಮಗ, ತಣ್ಣಗಿನ ದನಿಯವನು, ಕಪ್ಪು ಕನ್ನಡಕದವನು. ಓಪಾನಿನ್ ಅಮೊವಾಟೆಂಗ್, ಅಂದರೆ ಹಿರಿಯ ಅಮೊವಾಟೆಂಗ್, ಲಾರಿಗಳಿಗೆ ಮರದ ಮೈ ಕಟ್ಟುತ್ತಿದ್ದ ಬಡಗಿ ಎಂದು ಅವನು ಬರೆಸಿದ್ದ. ತಂದಿದ್ದ ಫೋಟೋದಲ್ಲಿ ಮುದುಕ ಬನಿಯನ್ನಿನಲ್ಲಿದ್ದ. 'ಮೈಗೆ ಏನಾದ್ರೂ ಹಾಕಿ' ಎಂದಿದ್ದ ಆ ತಂಗಿಯ ಮಗ. ಆಚಿಯಾ ಕಂಪ್ಯೂಟರಿನಲ್ಲಿಟ್ಟಿದ್ದ, ಎಲ್ಲರಿಗೂ ಹಾಕುವ ಬೂದು ಕೋಟಿನ ಚಿತ್ರವನ್ನು ತೆಗೆದು ಮುದುಕನ ತಲೆಯ ಕೆಳಗೆ ಕೂರಿಸಿದ್ದಳು. ಇಂಥ ಸಂಗತಿಗಳು ಅವಳಿಂದಲೇ ದೊಡ್ಡಮ್ಮನಿಗೆ ತಲುಪುತ್ತಿದ್ದವು. ಬುಧವಾರ ರಾತ್ರಿ ಊಟಕ್ಕೆ ಕುಳಿತಾಗ 'ಈ ವಾರ ಯಾರಿದ್ದಾರೆ?' ಎಂದು ದೊಡ್ಡಮ್ಮ ಕೇಳುತ್ತಿದ್ದಳು. ಆಚಿಯಾ ಸಾರಿಗೆ ಬೆರಳದ್ದುತ್ತ ಸತ್ತವರ ಹೆಸರು, ವಯಸ್ಸು, ಕಸುಬು, ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಇಬ್ಬರೂ ಸೇರಿ ಆರಿಸುತ್ತಿದ್ದರು, ಸಿನೆಮಾ ಆರಿಸುವವರ ಹಾಗೆ. ನಗುತ್ತಿದ್ದರು ಕೂಡ. ಬ್ಲಾಗಿನ ಬರಹದಲ್ಲಿ ಈ ಬುಧವಾರಗಳು ಇರಲಿಲ್ಲ. ಅಲ್ಲಿನ ಹೆಂಗಸು ಒಬ್ಬಳೇ ಗೋಡೆಗಳ ಮೇಲಿನ ಪೋಸ್ಟರುಗಳನ್ನು ಓದಿ, ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದಳು. ಬರೆಯುವವಳು ದೂರದ ಕಿಟಕಿಯಿಂದ ಪ್ರೀತಿಯಿಂದ ನೋಡುತ್ತಿದ್ದಳು. ಪ್ರೀತಿಯಿಂದ ಎಂಬ ಪದವನ್ನು ಅವಳು ಎರಡು ಕಡೆ ಬಳಸಿದ್ದಳು. ಈ ಬುಧವಾರವೂ ದೊಡ್ಡಮ್ಮ ಕೇಳಿದಾಗ, ಯಾರೂ ಇಲ್ಲ ಎನ್ನಬಹುದಿತ್ತು. ಊರಲ್ಲಿ ಯಾರೂ ಸಾಯದ ವಾರವನ್ನು ದೊಡ್ಡಮ್ಮ ನಂಬುತ್ತಾಳೆಯೇ ಎಂದು ಹೆದರಿ, ಬಡಗಿಯ ಹೆಸರು ಹೇಳಿಬಿಟ್ಟಿದ್ದಳು.

ಹೊರಗೆ, ಅಂಗಳದ ಮುಂಬದಿಯ ಡಬ್ಬಿಯಂಗಡಿಯಲ್ಲಿ ಜಡೆ ಹಾಕುವ ರಮಾತು ಯಾರದೋ ಕೂದಲು ಹೆಣೆಯುತ್ತಿದ್ದಳು. ಇಡೀ ಬೀದಿಯ ಸುದ್ದಿ ಆ ಜಡೆಗಳ ನಡುವೆಯೇ ಹಾದುಹೋಗಬೇಕು. ಇವರನ್ನು ಕಂಡು ಅವಳ ಬೆರಳುಗಳು ನಿಂತವು.

"ಹೊರಟ್ರಾ ಅಮ್ಮ? ಯಾರ ಮನೆಗೆ?"

"ಬಡಗಿ ಒಬ್ಬ."

"ಗುರುತಿನೋನಾ?"

"ಸತ್ತಮೇಲೆ ಎಲ್ರೂ ಗುರುತಿನೋರೇ ಕಣೇ ರಮಾತು. ಬದುಕಿದ್ದೋರದ್ದೇ ಗೊತ್ತಾಗಲ್ಲ."

ರಮಾತು ನಕ್ಕಳು. ಆಚಿಯಾಳ ಕಡೆ ಮಾತ್ರ ನೋಡಲಿಲ್ಲ. ದಿನವೂ 'ಏನಮ್ಮಾ ಓದಿದೋಳೇ, ತಲೆ ಬಾಚ್ಕೊಳ್ಳೋದನ್ನ ಕಾಲೇಜಲ್ಲಿ ಹೇಳ್ಕೊಡಲಿಲ್ವಾ' ಎಂದು ಕಿಚಾಯಿಸುವವಳು ಇಂದು ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಎದುರಿಗಿದ್ದ ತಲೆಯ ಮೇಲೆ ಬಗ್ಗಿದಳು. ಆಚಿಯಾ ಅದನ್ನು ಗಮನಿಸಿದಳು. ಗಮನಿಸಿದ್ದನ್ನು ದೂರ ತಳ್ಳಿದಳು. ರಮಾತು ಯಾರೊಂದಿಗೋ ಜಗಳವಾಡಿರಬೇಕು, ಅಥವಾ ಹೊಟ್ಟೆನೋವು. ಜನ ತನ್ನನ್ನು ನೋಡದಿದ್ದಾಗ ಅದಕ್ಕೆ ತಾನೇ ಕಾರಣ ಎಂದುಕೊಳ್ಳುವುದು ಒಂದು ಬಗೆಯ ಅಹಂಕಾರ ಎಂದು ಹಿಂದೊಮ್ಮೆ ಅವಳೇ ಬರೆದಿದ್ದಳು. ಆ ಬರಹಕ್ಕೂ ಅವನೊಬ್ಬ, ದೇವರು ಒಳ್ಳೆಯದು ಮಾಡಲಿ ಎಂದಿದ್ದ.

ಟ್ರೋಟ್ರೋ ವ್ಯಾನಿನ ಒಳಗೆ ಬೆವರು ಮತ್ತು ಒಣಮೀನಿನ ಬುಟ್ಟಿ. ಬಾಗಿಲಿಗೆ ಜೋತುಬಿದ್ದ ಮೇಟ್, ಅಂದರೆ ಕಂಡಕ್ಟರ್ ಹುಡುಗ, ಜನರನ್ನು ಕರೆದು ಕರೆದು ತುಂಬುತ್ತಿದ್ದ. ಇಳಿಯುತ್ತಿದ್ದ ಮುದುಕನೊಬ್ಬನ ಚೀಲ ಎತ್ತಿಕೊಡುತ್ತ, "ತಾತ, ಹೋದ ಊರಲ್ಲಿ ಉಪ್ಪು ಸಿಗುತ್ತೋ?" ಎಂದ. ಹಿಂದಿನ ಸೀಟಿನವರು ನಕ್ಕರು. ಒಬ್ಬಳು ಅದನ್ನೇ ರಾಗವಾಗಿ ಎಳೆದು ಹೇಳಿದಳು. ಆಚಿಯಾಳ ಕಿವಿಯ ಹಿಂದೆ ಬಿಸಿ ಏರಿತು. ಓರೆಗಣ್ಣಿನಿಂದ ನೋಡಿದರೆ ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ತುಟಿಗಳು ಸುಮ್ಮನಿದ್ದವು. ಕೇಳಿಸಿಲ್ಲ. ಎಂಜಿನ್ನಿನ ಸದ್ದು. ಅಥವಾ ಕೇಳಿಸಿದರೂ ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಗುರುತು ಸಿಗುವುದಿಲ್ಲವೇನೋ. ತನ್ನ ದನಿಯನ್ನು ಫೋನಿನಲ್ಲಿ ಮುದ್ರಿಸಿ ಕೇಳಿದಾಗ ಇದು ಯಾರದು ಅನ್ನಿಸುವುದಿಲ್ಲವೇ, ಹಾಗೆ. ಈಗ ಹೇಳಿಬಿಡಬೇಕು. ದೊಡ್ಡಮ್ಮ, ನಾನೊಂದು ತಪ್ಪು ಮಾಡಿದ್ದೀನಿ ಎಂದು. ಮೊದಲ ಪದ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮೀನಿನ ಬುಟ್ಟಿಯವಳು ಎದ್ದಳು, ಮೊಣಕೈ ತಾಗಿತು, ಕ್ಷಮೆ ಕೇಳಿದಳು, ಮಾತು ಹಿಂದಕ್ಕೆ ಹೋಯಿತು. ಬರೆಯುವುದಾದರೆ ಯಾರೂ ಮೊಣಕೈ ತಾಗಿಸುವುದಿಲ್ಲ. ಅವಳು ಬರೆಯತೊಡಗಿದ್ದು ಬಹುಶಃ ಅಷ್ಟಕ್ಕೇ.

ಸಾವಿನ ಮನೆ ದೊಡ್ಡದಾಗಿರಲಿಲ್ಲ. ಅಂಗಳಕ್ಕೂ ಬೀದಿಗೂ ಸೇರಿಸಿ ಕೆಂಪು ಕಪ್ಪು ಶಾಮಿಯಾನ ಹಾಕಿದ್ದರು. ಆಳೆತ್ತರದ ಸ್ಪೀಕರುಗಳು ಎದೆಗೂಡು ಅದುರುವಂತೆ ಹಾಡುತ್ತಿದ್ದವು. ಬಾಗಿಲ ಪಕ್ಕದಲ್ಲಿ ಮುದುಕನ ಪೋಸ್ಟರು, ಆಚಿಯಾ ಕೂರಿಸಿದ ಬೂದು ಕೋಟಿನಲ್ಲಿ. ಅದನ್ನು ದಾಟುವಾಗ ಅವಳು ತಲೆ ತಗ್ಗಿಸಿದಳು. ಕುಳಿತವರ ಸಾಲಿನುದ್ದಕ್ಕೂ, ಬಲದಿಂದ ಎಡಕ್ಕೆ, ಒಬ್ಬೊಬ್ಬರ ಕೈ ಹಿಡಿದು ನಡೆಯಬೇಕು. ದೊಡ್ಡಮ್ಮ ಮುಂದೆ, ಅವಳು ಹಿಂದೆ. ಒರಟು ಕೈ, ತಣ್ಣನೆಯ ಕೈ, ಉಂಗುರದ ಕೈ, ಹಿಡಿದದ್ದೂ ಗೊತ್ತಾಗದಂತೆ ಜಾರುವ ಕೈ. ಒಂದು ಕೈ ಅವಳದನ್ನು ಬಿಡಲಿಲ್ಲ. ನೋಡಿದರೆ ಕಪ್ಪು ಕನ್ನಡಕ. "ಪ್ರೆಸ್ಸಿನೋರಲ್ವಾ ನೀವು?" ಎಂದ. ಅವಳು ಹೌದೆಂದೋ ಅಲ್ಲವೆಂದೋ ತಲೆ ಅಲ್ಲಾಡಿಸಿ ಮುಂದಿನ ಕೈಗೆ ಹೋದಳು. ಹಿಂದಿನಿಂದ ಆ ಕನ್ನಡಕ ಈಗ ದೊಡ್ಡಮ್ಮನನ್ನು ನೋಡುತ್ತಿದೆ ಎಂದು ಬೆನ್ನಿಗೆ ತಿಳಿಯುತ್ತಿತ್ತು.

ಕುರ್ಚಿ ಸಿಕ್ಕಿತು. ನೀರು ಬಂತು. ಎದುರಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹಿತ್ತಾಳೆ ಮಂಚದ ಮೇಲೆ ಬಡಗಿಯನ್ನು ಮಲಗಿಸಿದ್ದರು, ಕಾಲಿನ ಬಿಳಿ ಕಾಲುಚೀಲ ಮಾತ್ರ ಕಾಣುತ್ತಿತ್ತು. ದೊಡ್ಡಮ್ಮ ಸಾಮಾನ್ಯವಾಗಿ ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಹಾಡು ಬದಲಾಗುವ ನಡುವಿನ ಮೌನಕ್ಕೆ ಕಾಯುತ್ತಿದ್ದಳು. ಮೌನ ಸಿಕ್ಕಿದ ಕೂಡಲೇ ಎದ್ದು, ನಡೆಯುತ್ತ ನಡೆಯುತ್ತಲೇ ಅಳು ಶುರುಮಾಡುತ್ತಿದ್ದಳು; ಬಾಗಿಲು ತಲುಪುವಷ್ಟರಲ್ಲಿ ಕೈ ತಲೆಗೆ ಏರಿರುತ್ತಿತ್ತು. ಆಚಿಯಾ ಹಾಡನ್ನು ಕೇಳತೊಡಗಿದಳು. ಇದು ಮುಗಿಯಬಾರದು. ಹೋದ ವರ್ಷ ಬೇರೊಂದು ಕಡೆ, ಗುರುತಿಲ್ಲದ ಹೆಂಗಸೊಬ್ಬಳ ಸಾವಿಗೆ, ಸಾಲು ಸಾಲು ಖಾಲಿ ಕುರ್ಚಿಗಳ ನಡುವೆ ಅವರಿಬ್ಬರೇ ಸಂಜೆಯವರೆಗೂ ಕೂತಿದ್ದರು. ಹೋಗೋಣವಾ ಎಂದರೆ, 'ಇಷ್ಟು ಕುರ್ಚಿ ತರ್ಸಿದ್ದಾರೆ ಪಾಪ' ಎಂದಿದ್ದಳು ದೊಡ್ಡಮ್ಮ. ಅದನ್ನೂ ಆಚಿಯಾ ಮೊದಲು ಬರೆದು ಆಮೇಲೆ ತೆಗೆದಿದ್ದಳು. ಅದು ಇದ್ದರೆ ಓದುವವರಿಗೆ ನಗು ಬರುತ್ತಿರಲಿಲ್ಲ. ಹಾಡು ಇಳಿಯುತ್ತಿತ್ತು. ಹಿಂದಿನ ಸಾಲಿನ ಹುಡುಗಿಯರಿಬ್ಬರು ಪಿಸುಗುಟ್ಟಿದರು, ಒಬ್ಬಳು 'ಉಪ್ಪು' ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆಚಿಯಾ ದೊಡ್ಡಮ್ಮನ ಮಣಿಕಟ್ಟನ್ನು ಹಿಡಿದುಕೊಂಡಳು. ಏಕೆ ಎಂದು ದೊಡ್ಡಮ್ಮ ಕೇಳಲಿಲ್ಲ. ಹಾಡು ನಿಂತಿತು. ದೊಡ್ಡಮ್ಮ ಏಳಲಿಲ್ಲ. ಮೌನ ಬಂತು, ಉದ್ದವಾಯಿತು, ಮುಂದಿನ ಹಾಡು ಅದನ್ನು ತುಂಬಿತು. ಮಣಿಕಟ್ಟು ಅವಳ ಕೈಯೊಳಗೆ ಬೆಚ್ಚಗೆ, ಭಾರವಾಗಿ, ಎಳೆದುಕೊಳ್ಳದೆ ಇತ್ತು.

ಆಗ ಮನೆಯವರು ಬಂದರು. ಬಂದವರಿಗೆ ನೀರು ಕೊಟ್ಟ ಮೇಲೆ ಅವರು ಬಂದ ಕಾರಣ ಕೇಳಬೇಕು. ಸಾವು ಎದುರಿಗೇ ಮಲಗಿದ್ದರೂ ಕೇಳಬೇಕು, ಹೇಳಬೇಕು. ಕಪ್ಪು ಕನ್ನಡಕದವನು, ಊರುಗೋಲು ಹಿಡಿದ ಸತ್ತವನ ತಂಗಿ, ಇನ್ನಿಬ್ಬರು ಹಿರಿಯರು ಅರ್ಧಚಂದ್ರಾಕಾರವಾಗಿ ನಿಂತರು. ಅವನೇ ಮಾತು ತೆಗೆದ.

"ಇಲ್ಲಿ ಏನಾಗಿದೆ ಅನ್ನೋದು ನೀವೇ ನೋಡ್ತಿದ್ದೀರಿ. ದಾರಿಯಲ್ಲಿ ಬಂದೋರು ನೀವು. ನಿಮ್ಮ ಬರವು ಯಾಕೆ, ಹೇಳಿ."

"ಕೆಟ್ಟದ್ದೇನೂ ತಂದಿಲ್ಲಪ್ಪ," ಎಂದಳು ದೊಡ್ಡಮ್ಮ. "ಕೇಳಿದ್ವಿ, ಬಂದ್ವಿ."

ಇಲ್ಲಿಗೆ ಮುಗಿಯಬೇಕಿತ್ತು. ಸ್ವಾಗತ ಎಂದು ಹೇಳಿ ಅವರು ಮುಂದಿನ ಸಾಲಿಗೆ ಹೋಗಬೇಕಿತ್ತು. ಅವನು ಕನ್ನಡಕ ತೆಗೆದ. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು, ಆದರೂ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು.

"ಕೇಳಿದ್ದಾ, ಇಲ್ಲ ಗೋಡೆ ಮೇಲೆ ಓದಿದ್ದಾ ಅಮ್ಮ?"

ಹಿಂದಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಅಕ್ಕಪಕ್ಕದ ಕುರ್ಚಿಗಳು ಕಿರುಗುಟ್ಟಿ ತಿರುಗಿದವು. ತಾನೇ ಏನಾದರೂ ಹೇಳಬೇಕು ಎಂದು ಆಚಿಯಾಗೆ ಅನ್ನಿಸಿತು. ಈಗ. ಅವರು ನನ್ನ ಮೇಷ್ಟರಾಗಿದ್ದರು ಎನ್ನಲೇ? ಬಡಗಿ ಮೇಷ್ಟರಾಗುವುದು ಹೇಗೆ. ನಮ್ಮ ಮನೆಯ ಬಾಗಿಲು ಮಾಡಿಕೊಟ್ಟಿದ್ದರು ಎನ್ನಲೇ? ಸುಳ್ಳುಗಳು ಒಂದರ ಹಿಂದೊಂದು, ಬೇಕಾದಷ್ಟು ಚೆಂದವಾಗಿ ಬರುತ್ತಿದ್ದವು. ದನಿ ಮಾತ್ರ ಬರುತ್ತಿರಲಿಲ್ಲ. ದೊಡ್ಡಮ್ಮ ತನ್ನ ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಕೈಯಿಂದಲೇ ಆಚಿಯಾಳ ಬೆನ್ನನ್ನು ಮುಂದಕ್ಕೆ ತಳ್ಳಿದಳು, ಹೊಸಬರ ಮುಂದೆ ಮಗುವನ್ನು ನಿಲ್ಲಿಸುವ ಹಾಗೆ.

"ಗೋಡೆ ಓದೋಷ್ಟು ನನ್ನ ಕಣ್ಣು ಚೆನ್ನಾಗಿಲ್ಲಪ್ಪ. ಇವಳು ಹೇಳ್ತಾಳೆ. ನನ್ನ ತಂಗಿ ಮಗಳು ಆಚಿಯಾ. ಬುಧವಾರ ಬುಧವಾರ ಊಟಕ್ಕೆ ಕೂತಾಗ ಯಾರು ಸತ್ರು, ಎಷ್ಟು ಮಕ್ಕಳು, ಎಲ್ಲ ಹೇಳ್ತಾಳೆ. ಪೋಸ್ಟರು ಮಾಡೋಳು ಇವಳೇ, ಫೋನಲ್ಲಿ ಬರೆಯೋಳೂ ಇವಳೇ. ಆ ಉಪ್ಪಿಂದು ಓದಿದ್ದೀರಲ್ಲ, ಅದೂ ಇವಳದ್ದೇ. ಸಾವಿನ ಮನೆ ನೋಡ್ಬೇಕು, ಅಳೋರನ್ನ ನೋಡ್ಬೇಕು ಅನ್ನೋದು ಇವಳಿಗೆ ಆಸೆ. ವಯಸ್ಸಿನ ಹುಡುಗಿ, ಒಬ್ಬಳೇ ಹೋದ್ರೆ ಚೆನ್ನಾಗಿರಲ್ಲ ಅಂತ ನಾನು ಜೊತೆಗೆ ಬರ್ತೀನಿ. ನಮ್ಮ ಬರವು ಅಷ್ಟೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಬೇಕಾದ ರೀತಿಯಲ್ಲೇ, ಬಲಗೈಯನ್ನು ಎದೆಗೆ ಇಟ್ಟುಕೊಂಡು, ಹೇಳಿದ್ದಳು. ಆಚಿಯಾ ಎಷ್ಟೋ ಮುಖಗಳು ತನ್ನ ಕಡೆ ತಿರುಗಿದ್ದನ್ನು ಕಂಡಳು. ಯಾರೂ ನಗುತ್ತಿರಲಿಲ್ಲ. ಅವರ ನೋಟದಲ್ಲಿ ಸಿಟ್ಟಾಗಲಿ ತಿರಸ್ಕಾರವಾಗಲಿ ಇದ್ದಿದ್ದರೆ ಒಳಗೊಳಗೇ ಅದಕ್ಕೊಂದು ಉತ್ತರ ಬರೆದುಕೊಳ್ಳಬಹುದಿತ್ತು. ಅಲ್ಲಿದ್ದದ್ದು ಬರಿಯ ಕುತೂಹಲ. ಅವಳ ಸೊರಗಿದ ಭುಜ, ಬೆವತ ಮೇಲ್ದುಟಿ, ಬಾಚಿರದ ತಲೆ, ಒಂದೊಂದನ್ನೂ ಅವರು ನಿಧಾನವಾಗಿ ನೋಡಿಕೊಳ್ಳುತ್ತಿದ್ದರು, ಮನೆಗೆ ಹೋಗಿ ಯಾರಿಗೋ ಹೇಳಲಿಕ್ಕೆ.

ಸತ್ತವನ ತಂಗಿ ಊರುಗೋಲನ್ನು ಕುರ್ಚಿಗೆ ಒರಗಿಸಿ ಹತ್ತಿರ ಬಂದಳು. "ಕೋಟು ಹಾಕಿದ್ದು ನೀನೇನಾ?"

"ಹೌದು, ಅಜ್ಜಿ."

"ನಮ್ಮಣ್ಣ ಜನ್ಮದಲ್ಲಿ ಕೋಟು ಹಾಕಿದೋನಲ್ಲ."

"ಮನೆಯೋರು ಏನಾದ್ರೂ ಹಾಕಿ ಅಂದ್ರು..."

"ಹಾಕು, ಪರವಾಗಿಲ್ಲ. ಆದ್ರೆ ಅವನ ಕತ್ತು ಎಲ್ಲಿ? ಹಲಗೆ ಹೊತ್ತೂ ಹೊತ್ತೂ ಈ ಪಕ್ಕ ಗಂಟು ಬಂದಿತ್ತು, ನಿಂಬೆಹಣ್ಣಿನಷ್ಟು. ದೂರದಿಂದ ಬರ್ತಿದ್ರೆ ಅದನ್ನ ನೋಡೇ ಅವನು ಅಂತ ಹೇಳ್ಬೋದಿತ್ತು. ಬೆಳಗ್ಗೆಯಿಂದ ಆ ಪೋಸ್ಟರು ನೋಡ್ತಿದ್ದೀನಿ. ಯಾರೋ ಬ್ಯಾಂಕಿನೋನ ಹಾಗಿದ್ದಾನೆ. ನಂಗೆ ಅಳೂನೇ ಬರ್ತಿಲ್ಲ."

ಆಚಿಯಾಗೆ ಆ ಗಂಟು ನೆನಪಿತ್ತು. ಕಾಲರು ಅಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಅವಳು ಅದನ್ನು ಸವರಿ ನುಣ್ಣಗೆ ಮಾಡಿದ್ದಳು. ಒಳ್ಳೆಯ ಕೆಲಸ ಎಂದು ಮಾಲೀಕ ಮೆಚ್ಚಿದ್ದ. ಏನಾದರೂ ಹೇಳಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಅವಳನ್ನು ಬಿಟ್ಟು ದೊಡ್ಡಮ್ಮನ ಕಡೆ ತಿರುಗಿದ್ದಳು, ಎರಡೂ ಕೈಗಳಿಂದ ದೊಡ್ಡಮ್ಮನ ಕೈ ಹಿಡಿದಿದ್ದಳು.

"ಅಮ್ಮಾ, ನೀನು ಅಳ್ತೀಯಂತಲ್ಲ. ಸ್ಪೀಕರು ತರ್ಸಿದ್ದಾರೆ, ಬ್ಯಾಂಡು ತರ್ಸಿದ್ದಾರೆ, ಅಳೋರು ಒಬ್ರಿಲ್ಲ. ಈ ಹುಡುಗ್ರು ನಗ್ಲಿ ಬಿಡು, ನಗೋಕೇ ಹುಟ್ಟಿದಾವೆ. ಆ ಉಪ್ಪಿನ ಮಾತು ನಮ್ಮಣ್ಣನಿಗೂ ಒಂದ್ಸಲ ಹೇಳು. ಅವನಿಗೆ ಉಪ್ಪು ಅಂದ್ರೆ ಪ್ರಾಣ. ಡಾಕ್ಟರು ಬೇಡ ಅಂದ್ರೂ ಕೇಳ್ತಿರ್ಲಿಲ್ಲ."

ಕನ್ನಡಕದವನು ಯಾರಿಗೋ ಕೈಸನ್ನೆ ಮಾಡಿದ. ಸ್ಪೀಕರು ನಿಂತಿತು. ಈ ಬೆಳಗಿನಿಂದ ಆಚಿಯಾ ಯಾವ ಮೌನಕ್ಕೆ ಹೆದರುತ್ತಿದ್ದಳೋ ಅದು ಇಡೀ ಅಂಗಳದ ಮೇಲೆ ಬಂದು ಕೂತಿತು, ಮತ್ತು ಈಗ ಅದರಲ್ಲಿ ಹೆದರುವುದಕ್ಕೆ ಏನೂ ಇರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಬೇಕು ಎಂದೇ ಕಾಯುತ್ತಿದ್ದರು. ದೊಡ್ಡಮ್ಮ ಎದ್ದಳು. ಬಾಗಿಲವರೆಗೂ ನಡೆದಳು. ಕೈಗಳು ಮೇಲೇರಿ ತಲೆಯ ಮೇಲೆ ಕೂತವು. ಕೂಗು ದೊಡ್ಡಮ್ಮ, ಕೂಗು, ಎಂದು ಆಚಿಯಾ ಒಳಗೇ ಬೇಡಿಕೊಂಡಳು. ಆ ಒಂದು ಕೂಗು ಬಂದುಬಿಟ್ಟರೆ ತಾನು ಬರೆದದ್ದೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತದೆ. ದೊಡ್ಡಮ್ಮನ ಬೆನ್ನು ಉಬ್ಬಿತು, ಬೆಳಗ್ಗೆ ತಾನೇ ಚುಚ್ಚಿದ ಪಿನ್ನು ಬಿಗಿಯಾಯಿತು. "ಅಪ್ಪಾ," ಎಂದಳು. ಹೊರಗೆ ಬೀದಿಯಲ್ಲಿ ಒಂದು ಮೋಟಾರುಬೈಕು ಹೋಯಿತು. "ಅಪ್ಪಾ, ನೀನು..." ಆಮೇಲೆ ಕೈಗಳು ಇಳಿದವು. ದೊಡ್ಡಮ್ಮ ತಿರುಗಿ, ಮುದುಕಿಯನ್ನು ನೋಡಿ, ಏನೋ ಕಳೆದುಕೊಂಡದ್ದನ್ನು ಜೇಬಿನಲ್ಲಿ ಹುಡುಕಿ ಸೋತವಳ ಹಾಗೆ ಕೈಚೆಲ್ಲಿದಳು.

"ಬರ್ತಿಲ್ಲ ತಾಯಿ. ಹೇಳೋಕೆ ಹೋದ್ರೆ ಆ ರೇಡಿಯೊದೋನ ದನೀನೇ ಬರುತ್ತೆ."

ಮುದುಕಿ ತಲೆಯಾಡಿಸಿದಳು. ಸ್ಪೀಕರು ಮತ್ತೆ ಶುರುವಾಯಿತು.

ಊಟಕ್ಕೆ ಕರೆದರೂ ದೊಡ್ಡಮ್ಮ ನಿಲ್ಲಲಿಲ್ಲ. ರಸ್ತೆಯ ಬದಿಯಲ್ಲಿ ಇಬ್ಬರೂ ಟ್ರೋಟ್ರೋಗಾಗಿ ಕಾಯುತ್ತ ನಿಂತರು, ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಬಿಸಿಲು ನೆತ್ತಿಯಿಂದ ಸರಿದಿತ್ತು. ಚರಂಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಒಂದು ಕೋಳಿ ತನ್ನ ಮರಿಗಳನ್ನು ದಾಟಿಸುತ್ತಿತ್ತು.

"ಯಾವಾಗ ಗೊತ್ತಾಯ್ತು?" ಎಂದಳು ಆಚಿಯಾ. ಇಂದು ಅವಳಾಗಿ ಆಡಿದ ಮೊದಲ ನಿಜವಾದ ಮಾತು ಅದು.

"ಮಂಗಳವಾರ. ರಮಾತು ಜಡೆ ಹಾಕ್ತಾ ಓದಿ ಹೇಳಿದ್ಲು. ಅವಳಿಗೆ ನಾನು ಅಂತ ಗೊತ್ತಿರ್ಲಿಲ್ಲ ಪಾಪ, ನಗ್ತಾ ಓದ್ತಿದ್ಲು. ನಾನೂ ನಕ್ಕೆ. ಚೆನ್ನಾಗಿ ಬರೆದಿದ್ದಾಳೆ ಯಾರೋ ಅಂದೆ. ಆ ಉಪ್ಪಿನ ಮಾತು ಬಂದಾಗ ಅವಳ ಕೈ ನಿಂತುಹೋಯ್ತು, ನಾನು ಹಾಗೆ ಅಳೋದು ಅವಳಿಗೆ ಗೊತ್ತಲ್ಲ."

ಮಂಗಳವಾರ. ಹಾಗಾದರೆ ಬುಧವಾರ, ಸಾರಿನ ಬಟ್ಟಲಿನಾಚೆಯಿಂದ, 'ಈ ವಾರ ಯಾರಿದ್ದಾರೆ' ಎಂದು ಕೇಳಿದವಳಿಗೆ ಎಲ್ಲ ಗೊತ್ತಿತ್ತು. ತಾನು ಬಡಗಿಯ ಮಕ್ಕಳ ಹೆಸರುಗಳನ್ನು ಹೇಳುತ್ತಿದ್ದಾಗ, ಅವಳು ಮೀನಿನ ಮುಳ್ಳು ಬಿಡಿಸುತ್ತ ತನ್ನ ಮುಖವನ್ನು ನೋಡುತ್ತಿದ್ದಳು.

"ಮತ್ತೆ ಯಾಕೆ ಬಂದೆ ದೊಡ್ಡಮ್ಮ, ಇವತ್ತು?"

"ನೀನು ತಡೀತೀಯಾ ನೋಡೋಣ ಅಂತ."

"ತಡೆದೆನಲ್ಲ."

"ತಲೆನೋವು ಅಂದೆ."

ಆಚಿಯಾಗೆ ಅಳು ಬಂತು, ಮತ್ತು ಅದನ್ನು ದೊಡ್ಡಮ್ಮ ನೋಡಲಿ ಎಂಬ ಆಸೆಯೂ ಅದರ ಜೊತೆಗೇ ಬಂತು. ಆ ಆಸೆ ತಿಳಿದ ಕೂಡಲೇ ಅಳು ನಾಚಿ ಹಿಂದೆ ಸರಿಯಿತು. "ನಾನು ಹೇಳ್ಬೇಕು ಅಂತಿದ್ದೆ," ಎಂದಳು. "ಬರೆದಾಗ ನಂಗೆ ಏನನ್ನಿಸ್ತು ಅಂದ್ರೆ—"

"ನಂಗೆ ಹೇಳ್ಬೇಡ." ದೊಡ್ಡಮ್ಮ ತಲೆಯ ವಸ್ತ್ರ ಬಿಚ್ಚಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಹೊಸ ಜಡೆಗಳು ನೆತ್ತಿಗೆ ಅಂಟಿಕೊಂಡು ಸಾಲು ಸಾಲಾಗಿದ್ದವು. ವಾರವಿಡೀ ಒಂದೇ ಕೋಣೆಯಲ್ಲಿದ್ದರೂ ಆಚಿಯಾ ಅವನ್ನು ನೋಡಿಯೇ ಇರಲಿಲ್ಲ. "ಬರಿ. ಫೋನಲ್ಲಿ ಬಂದ್ಮೇಲೆ ರಮಾತು ಹತ್ರ ಓದಿಸ್ಕೊಳ್ತೀನಿ. ನಿನ್ನ ಮನಸಲ್ಲಿರೋದು ನಂಗೆ ಗೊತ್ತಾಗೋದು ಹಾಗೇ ತಾನೇ."

ಟ್ರೋಟ್ರೋ ಬಂತು, ಕಿಟಕಿಗಳ ತುಂಬ ಮೊಣಕೈಗಳು. ಮೇಟ್ ಬಾಗಿಲಿಂದ ಅರ್ಧ ಹೊರಗೆ ಬಾಗಿ, ಒಂದು ಬೆರಳು ಎತ್ತಿ ತೋರಿಸುತ್ತ ಕೂಗಿದ: "ಒಬ್ರಿಗೆ, ಒಬ್ರಿಗೇ ಜಾಗ."

ಮುಂದಿನದಕ್ಕೆ ಕಾಯೋಣ ಎನ್ನಲು ಆಚಿಯಾ ಬಾಯಿ ತೆರೆದಳು. ದೊಡ್ಡಮ್ಮ ಬಟ್ಟೆಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೆಟ್ಟಿಲ ಮೇಲೆ ಕಾಲಿಟ್ಟು, ಹತ್ತಿದಳು.